ಜಯಲಕ್ಷ್ಮಮ್ಮನ ಚಿಪ್ಪಿನ ದುಡ್ಡು

ಕಡೂರಿನಲ್ಲಿ ನಮ್ಮ ಮನೆಗೂ ಜಯಲಕ್ಷ್ಮಮ್ಮನ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ರುದ್ರಮೂರ್ತಿ ಕೊಬ್ಬರಿ ಮಂಡಿ ಇಟ್ಟವರು. ಅಷ್ಟು ನಂಬಿಕಸ್ಥ ಮನುಷ್ಯ ಇನ್ನೊಬ್ಬನಿಲ್ಲ ಎಂದು ಊರೆಲ್ಲ ಹೇಳುತ್ತದೆ. ಸಿಂಗಟಗೆರೆ, ಯಗಟಿ ಕಡೆಯ ರೈತರು ಕೊಬ್ಬರಿ ಮಾರಿದ ದುಡ್ಡನ್ನು ಅವರ ಬಳಿಯೇ ಬಿಟ್ಟು ಹೋಗಿ, ಬೇಕಾದಾಗ ಬಂದು ಇಸಿದುಕೊಳ್ಳುತ್ತಾರೆ. ಒಂದು ಪೈಸೆ ಆಚೀಚೆ ಆಗಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಅದೇ ಮನುಷ್ಯ ಹೆಂಡತಿಯನ್ನು ಕೊತ್ತಂಬರಿ ಸೊಪ್ಪಿಗೆ ಕಳಿಸಿದರೆ ಉಳಿದ ಚಿಲ್ಲರೆಗೆ ಬಾಗಿಲಲ್ಲೇ ಕೈ ಚಾಚುತ್ತಾರೆ. ನಂಬಿಕೆಯೆಲ್ಲ ಬೀದಿಗೆ, ಮನೆಯೊಳಕ್ಕೆ ಒಂದು ಚೂರೂ ಇಲ್ಲ.

ನಮ್ಮ ಬೀದಿಯಲ್ಲಿ ಕೊಬ್ಬರಿ ಒಡೆದಾಗ ಉಳಿಯುವ ಚಿಪ್ಪು ಹೆಂಗಸರದು. ಇದ್ದಿಲು ಸುಡುವವರು ಗಾಡಿ ತಂದು ಮೂಟೆ ಲೆಕ್ಕದಲ್ಲಿ ಕೊಳ್ಳುತ್ತಾರೆ, ಆ ದುಡ್ಡಿನ ಸುದ್ದಿಗೆ ಗಂಡಸರು ಬರುವುದಿಲ್ಲ. ರುದ್ರಮೂರ್ತಿ ಬರದೆ ಇರುವ ಪೈಕಿಯಲ್ಲ. ಹಾಗಾಗಿ ಜಯಲಕ್ಷ್ಮಮ್ಮ ಚಿಪ್ಪೆಲ್ಲ ಬಚ್ಚಲ ಒಲೆಗೆ ಹೋಗುತ್ತದೆ ಎಂದು ಅವರನ್ನು ನಂಬಿಸಿದ್ದಳು. ಅರ್ಧ ಹೋಗುತ್ತಿತ್ತು. ಉಳಿದರ್ಧ ಹಿತ್ತಲ ಬಾಗಿಲಿನಿಂದ ಮಾರಾಟವಾಗುತ್ತಿತ್ತು. ಇದು ನನಗೂ ಆಗ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕಡೂರು, ತರೀಕೆರೆ, ಅಜ್ಜಂಪುರದ ನಾವೊಂದಷ್ಟು ಜನ ಕಾಶಿ ಮುಗಿಸಿ ನೇಪಾಳಕ್ಕೆ ಹೋಗಿ ಪಶುಪತಿನಾಥನನ್ನು ನೋಡಿ ಬರುವುದೆಂದು ಬಸ್ಸು ಮಾಡಿಕೊಂಡೆವು. ನೂರಕ್ಕಿಂತ ದೊಡ್ಡ ನಮ್ಮ ನೋಟು ಆಗ ನೇಪಾಳದಲ್ಲಿ ನಡೆಯುತ್ತಿರಲಿಲ್ಲ. ನೂರರ ನೋಟನ್ನೇ ತರಬೇಕೆಂದು ಬಸ್ಸಿನವರು ಮಂಡಿಯಲ್ಲಿ ಗಂಡಸರನ್ನೆಲ್ಲ ಕೂರಿಸಿ ಹೇಳಿದ್ದರು. ನನ್ನ ಮಗ ಬಂದು ನನಗೆ ಹೇಳಿದ. ರುದ್ರಮೂರ್ತಿ ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು ಚಟ್ನಿಪುಡಿ ಜಾಸ್ತಿ ಮಾಡು ಅಂತ ಮಾತ್ರ. ದುಡ್ಡೇ ಇಲ್ಲದವಳಿಗೆ ನೋಟಿನ ವಿಷಯ ಯಾಕೆ?

ಅವಳ ಹತ್ತಿರ ಇದ್ದದ್ದೆಲ್ಲ ನೂರರ ನೋಟೇ. ಆದರೆ ಆ ಕಟ್ಟು ಕುಪ್ಪಸದೊಳಗೆ ಉಬ್ಬಿ ಕಾಣುತ್ತದೆ ಎಂದು, ಹೊರಡುವ ಹಿಂದಿನ ದಿನ ದಿನಸಿ ಅಂಗಡಿಗೆ ಹೋಗಿ, ಎಲ್ಲವನ್ನೂ ಕೊಟ್ಟು ಐನೂರರ ನೋಟು ಮಾಡಿಸಿಕೊಂಡು ಬಂದಳು. ಪಾಪ, ಭಾರಿ ಜಾಣತನ ಮಾಡಿದೆ ಎಂದುಕೊಂಡಿದ್ದಳು.

ಗಡಿಯಲ್ಲಿ ಇಳಿದಾಗ ಎಲ್ಲರೂ ತಂತಮ್ಮ ನೂರರ ನೋಟನ್ನು ರುದ್ರಮೂರ್ತಿಯ ಕೈಗೆ ಒಪ್ಪಿಸಿದರು. ಮಂಡಿಯ ಅಭ್ಯಾಸ ನೋಡಿ, ಬೇರೆ ಯೋಚನೆಯೇ ಯಾರಿಗೂ ಬರಲಿಲ್ಲ. ಅವರು ಒಟ್ಟಿಗೆ ಕೊಟ್ಟು ನೇಪಾಳಿ ರೂಪಾಯಿ ಮಾಡಿಸಿದರು. ಅಲ್ಲಿಂದ ಮುಂದೆ ಯಾರಿಗೆ ದುಡ್ಡು ಬೇಕಾದರೂ ಅವರನ್ನು ಕೇಳಬೇಕು, ಅವರು ಆಯಾ ಬಾಬ್ತಿನಿಂದ ತೆಗೆದು ಕೊಡಬೇಕು. ಜಯಲಕ್ಷ್ಮಮ್ಮನ ಬಾಬ್ತು ಅಲ್ಲಿರಲಿಲ್ಲ.

ಕಠ್ಮಂಡು ಮುಗಿಸಿ ಬರುವ ದಾರಿಯಲ್ಲಿ ಮನಕಾಮನಾ ದೇವಿಯ ಬೆಟ್ಟ. ತಂತಿಯ ಮೇಲೆ ತೂಗಾಡುವ ಡಬ್ಬಿಯಲ್ಲಿ ಕೂತು, ಹೊಳೆ ದಾಟಿ ಮೇಲಕ್ಕೆ ಹೋಗಬೇಕು. ಟಿಕೆಟ್ಟು ನಮ್ಮ ನಮ್ಮ ಖರ್ಚು. ಎಲ್ಲರೂ ರುದ್ರಮೂರ್ತಿಯ ಮುಂದೆ ನಿಂತು ದುಡ್ಡು ತೆಗೆದುಕೊಂಡರು.

"ನಮಗೇನೂ ಬ್ಯಾಡ. ಕಲ್ಲತ್ತಿಗಿರಿ ನೋಡಿಲ್ವಾ ನಾವು? ಎಲ್ಲಾ ಬೆಟ್ಟಾನೂ ಒಂದೇಯ. ಬಾ, ಬಸ್ಸಲ್ಲಿ ಕೂತ್ಕೊಳಣ," ಎಂದರು ಹೆಂಡತಿಗೆ.

ಅವಳು ಅಲುಗಾಡಲಿಲ್ಲ. ತಲೆಯೆತ್ತಿ ಆ ಡಬ್ಬಿಗಳನ್ನೇ ನೋಡುತ್ತಿದ್ದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಏನನ್ನಾದರೂ ಹಾಗೆ ಆಸೆಪಟ್ಟು ನೋಡಿದ್ದು ನಾನು ಕಂಡಿರಲಿಲ್ಲ. ನನ್ನನ್ನು ಟಿಕೆಟ್ ಕಿಟಕಿಯ ಪಕ್ಕಕ್ಕೆ ಎಳೆದು, ಕುಪ್ಪಸದಿಂದ ಪರ್ಸು ತೆಗೆದಳು. ಅದರೊಳಗೆ ಇದ್ದದ್ದೆಲ್ಲ ಐನೂರರ ನೋಟು.

"ಕಲ್ಲಮ್ಮಕ್ಕ, ಇದ್ರಲ್ಲಿ ಎರಡು ಕೊಟ್ರೆ ಸಾಕಲ್ವಾ?"

"ಐನೂರಿಂದು ಇಲ್ಲಿ ನಡಿಯಲ್ಲ ಕಣೇ. ಯಾರೂ ಮುಟ್ಟಲ್ಲ. ನೂರಿಂದು ತರ್ಬೇಕಿತ್ತು."

ಅವಳ ಮುಖ ನೋಡಲಾಗಲಿಲ್ಲ. "ನೂರಿಂದೇ ಇತ್ತಕ್ಕ. ನಾನೇ ಬದಲಾಯಿಸ್ಕೊಂಡು ಬಂದೆ," ಎಂದಳು.

ನನ್ನ ಬಳಿ ಇದ್ದದ್ದು ನನ್ನ ಟಿಕೆಟ್ಟಿಗೆ ಮಾತ್ರ. ಅದನ್ನೇ ತಗೋ, ನಾನು ಕೆಳಗಿರುತ್ತೇನೆ ಎಂದೆ. "ಬ್ಯಾಡಕ್ಕ. ನಿಮ್ ದುಡ್ಡಲ್ಲಿ ಹೋದೆ ಅಂತ ಗೊತ್ತಾದ್ರೆ ನಾನು ಸಾಯೋ ತಂಕ ಅವ್ರ ಬಾಯಲ್ಲಿ ಕೇಳ್ಬೇಕು," ಎಂದಳು. ದುಡ್ಡು ಕೈಯಲ್ಲಿದೆ, ಬೆಟ್ಟ ಕಣ್ಣೆದುರಿಗಿದೆ. ನಡುವೆ ಆ ಒಬ್ಬ ಮನುಷ್ಯ ನಿಂತಿದ್ದಾರೆ. ಅವರನ್ನು ಕೇಳಿದರೆ ಗುಟ್ಟು ರಟ್ಟು, ಕೇಳದಿದ್ದರೆ ಬಸ್ಸಿನ ಸೀಟು.

ಅವಳು ಹೋಗಿ ಗಂಡನ ಮುಂದೆ ನೋಟುಗಳನ್ನು ಹಿಡಿದೇಬಿಟ್ಟಳು.

"ಇದನ್ನ ಇಟ್ಕೊಂಡು ಇಲ್ಲಿ ದುಡ್ಡು ಕೊಡಿ. ನಾನು ಮೇಲಕ್ಕೆ ಹೋಗಿ ಬತ್ತೀನಿ."

"ಎಲ್ಲಿಂದ ಬಂತಿದು?"

"ಚಿಪ್ಪಿಂದು."

"ಯಾವ ಚಿಪ್ಪು?"

"ನಾನ್ ಮಾರಿದ್ದು."

ರುದ್ರಮೂರ್ತಿ ನೋಟುಗಳನ್ನು ಇಸಿದುಕೊಂಡು ಎಣಿಸಿದರು. ಸುತ್ತ ತರೀಕೆರೆಯವರು, ಅಜ್ಜಂಪುರದವರು ನೋಡುತ್ತಿದ್ದಾರೆ. ಆಮೇಲೆ ಜೋರಾಗಿ ನಕ್ಕರು. "ನೋಡ್ರಪ್ಪಾ, ನಮ್ಮನೆಯವಳು ಹಿತ್ಲಲ್ಲಿ ಇನ್ನೊಂದು ಮಂಡಿ ಇಟ್ಬಿಟ್ಟವಳೆ!" ಎಲ್ಲರೂ ನಕ್ಕರು. ಒಂದು ಟಿಕೆಟ್ಟಿಗೆ ಆಗುವಷ್ಟು ನೇಪಾಳಿ ದುಡ್ಡು ಕೊಟ್ಟು, ಐನೂರರ ನೋಟುಗಳನ್ನು ಅಷ್ಟನ್ನೂ ಒಳಜೇಬಿಗೆ ಇಳಿಸಿದರು.

"ಉಳಿದಿದ್ದು?" ಎಂದಳು ಅವಳು.

"ಊರಿಗೆ ಹೋಗಿ ನೋಡಣ. ಇಲ್ಲಿ ಅದು ಬರೀ ಕಾಗದ."

ಡಬ್ಬಿ ನೆಲ ಬಿಟ್ಟಾಗ ನಾನು ಹೆದರಿ ಕಂಬಿ ಹಿಡಿದುಕೊಂಡೆ. ಕೆಳಗೆ ಹಸಿರು ಹೊಳೆ, ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಆಟದ ಸಾಮಾನಿನ ಹಾಗೆ ಮನೆಗಳು. ಜಯಲಕ್ಷ್ಮಮ್ಮ ಒಮ್ಮೆಯೂ ಮುಂದಕ್ಕೆ ನೋಡಲಿಲ್ಲ. ಗಾಜಿಗೆ ಹಣೆ ಒತ್ತಿ ಹಿಂದಕ್ಕೇ ನೋಡುತ್ತಿದ್ದಳು.

"ಅಲ್ಲೇ ನಿಂತವ್ರೆ ಅಕ್ಕ. ನನ್ನೇ ನೋಡ್ತಾವ್ರೆ."

ಅಷ್ಟು ಎತ್ತರದಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ದೇವಿಯ ಮುಂದೆ ನಿಂತಾಗಲೂ ಕೈ ಮುಗಿಯುವುದು ಬಿಟ್ಟು ಆ ಮನುಷ್ಯನಿಗೆ ಶಾಪ ಹಾಕಿದೆ.

ಊರಿಗೆ ಬಂದ ವಾರದಲ್ಲೇ ಇದ್ದಿಲಿನವನ ಗಾಡಿ ಹಿತ್ತಲಿಗೆ ಬರುವುದು ನಿಂತಿತು. ಈಗ ಅದು ಮಂಡಿಯ ಮುಂದೆ ನಿಲ್ಲುತ್ತದೆ, ದುಡ್ಡು ರುದ್ರಮೂರ್ತಿ ಎಣಿಸಿಕೊಳ್ಳುತ್ತಾರೆ. ಆ ಐನೂರರ ನೋಟುಗಳ ಸುದ್ದಿ ಮತ್ತೆ ಬರಲಿಲ್ಲ. ಒಲೆಗೆ ಹೋಗುತ್ತಿದ್ದ ಅರ್ಧವೂ ಉಳಿಯಲೆಂದು ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿದರು. ಹೆಂಡತಿಗೆ ಹೊಗೆ ತಪ್ಪಿಸಿದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡರು, ಕೇಳಿದವರು ಹೊಗಳಿದರು.

ಅವಳ ಮಗಳು ನಯನಳನ್ನು ತರೀಕೆರೆಗೆ ಕೊಟ್ಟಿದೆ. ಮೊದಲು ತಿಂಗಳಿಗೊಮ್ಮೆಯಾದರೂ ಹೋಗಿ ಮೊಮ್ಮಗಳನ್ನು ನೋಡಿ ಬರುತ್ತಿದ್ದಳು. ಮೊನ್ನೆ ನಾನೂ ಅತ್ತ ಹೊರಟಿದ್ದೆ. ಜೊತೆಗೆ ಬಾ, ಹೆಂಗಸರಿಗೆ ಬಸ್ಸು ಫ್ರೀ ಅಲ್ಲವಾ ಎಂದು ಗೋಡೆಯಾಚೆಯಿಂದ ಕೂಗಿದೆ.

"ಬಸ್ಸೇನೋ ಫ್ರೀ ಅಕ್ಕ. ಇಳಿದ್ಮೇಲೆ ಮಗಿನ ಕೈಗೆ ಒಂದ್ ಬಿಸ್ಕತ್ ಪೊಟ್ಣ ಬ್ಯಾಡ್ವಾ? ಬರಿಗೈಲಿ ಹೆಂಗ್ ಹೋಗ್ಲಿ?"

ನಾನು ಕೊಡಿಸುತ್ತೇನೆ ಎನ್ನಲು ಬಾಯಿ ತೆರೆದವಳು, ಅವಳಿಗೆ ಅದೂ ಒಂದು ಅವಮಾನ ಎಂದು ಸುಮ್ಮನಾದೆ.

"ಇರಿ, ಅವ್ರನ್ನ ಕೇಳ್ಕೊಂಡು ಬತ್ತೀನಿ," ಎಂದು ಸೆರಗು ಸರಿ ಮಾಡಿಕೊಂಡು ಮಂಡಿಯ ಕಡೆ ಹೋದಳು.

ನಾನು ಒಂದು ಬಸ್ಸು ಬಿಟ್ಟು ಕಾದೆ. ಅವಳು ಬರಲಿಲ್ಲ.