ಏಳನೇ ಹಾಡಿಗೆ ಹೊಗೆಸೊಪ್ಪು ಬೇಕಿತ್ತು

ನಿಮ್ಮ ಸ್ಟುಡಿಯೊ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ರಾವಂದೂರಿನ ಹತ್ತಿರ ಎನ್ನುತ್ತಿದ್ದೆ. ಯಾರದು ಎಂದರೆ ನಮ್ಮತ್ತೆಯದು. ಎರಡೂ ನಿಜ. ಒಳಗೆ ಎಷ್ಟು ಜನ ಕೂರಬಹುದು ಎಂದು ಕೇಳಿದವರಿಗೆ ಮಾತ್ರ, ಕೂರುವಂತಿಲ್ಲ, ನಿಲ್ಲಬೇಕು, ಕೈ ಬೀಸಬಾರದು, ಬೀಸಿದರೆ ಎಲೆಯ ಗೋಡೆ ಪುಡಿಪುಡಿಯಾಗಿ ಉದುರುತ್ತದೆ ಎಂದು ವಿವರಿಸಬೇಕಾಗುತ್ತಿತ್ತು. ಅಷ್ಟು ಹೊತ್ತಿಗೆ ಅವರು ಫೋನ್ ಇಟ್ಟಿರುತ್ತಿದ್ದರು.

ಅದು ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಎರಡಾಳೆತ್ತರದ ಗೋಡೆ, ಗಾಳಿಗೆಂದು ಒಂದೆರಡು ಕಂಡಿ ಬಿಟ್ಟರೆ ಕಿಟಕಿಯಿಲ್ಲ. ಒಳಗೆ ಮೇಲಿನಿಂದ ಕೆಳಗಿನವರೆಗೆ ಅಡ್ಡ ಗಳಗಳು. ಗಳಗಳ ಮೇಲೆ ಕಡ್ಡಿಗಳ ಸಾಲು, ಕಡ್ಡಿಗೆ ಕಟ್ಟಿದ ಎಲೆಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತವೆ. ಹೊರಗಿನ ಒಲೆಯಿಂದ ಕಬ್ಬಿಣದ ಕೊಳವೆಗಳಲ್ಲಿ ಶಾಖ ಬಂದು, ವಾರದಲ್ಲಿ ಹಸಿರು ಎಲೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಇದನ್ನೆಲ್ಲ ನಾನು ಮದುವೆಯಾದ ಮೇಲೆ ಕಲಿತೆ. ನಾನು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯವಳು. ನಾಲೆ, ಭತ್ತ, ಕಪ್ಪೆ ಗೊತ್ತಿದ್ದವು. ಹೊಗೆಸೊಪ್ಪಿನ ಬಗ್ಗೆ ಮಾತ್ರ ಗೊತ್ತಿರಲಿಲ್ಲ, ಅದರ ವಿರುದ್ಧ ಮಾತನಾಡಲು ಗೊತ್ತಿತ್ತು.

ಹುಣಸೂರಿನಲ್ಲಿ ಓದುವಾಗ ಒಂದು ಚರ್ಚಾಸ್ಪರ್ಧೆ. ವಿಷಯ: ತಂಬಾಕು ಬೆಳೆಯನ್ನು ನಿಷೇಧಿಸಬೇಕು. ಚೀಟಿ ಎತ್ತಿದಾಗ ನನಗೆ ಬಂದದ್ದು ಪರ. ವಿರೋಧ ಬಂದಿದ್ದರೂ ಅಷ್ಟೇ ಆವೇಶದಿಂದ ಮಾತನಾಡುತ್ತಿದ್ದೆ. ಚರ್ಚಾಪಟುವಿಗೆ ನಂಬಿಕೆಯೆಂಬುದು ಚೀಟಿಯ ಜೊತೆಗೇ ಬರುತ್ತದೆ. ಆದರೆ ಆ ಸಲ ತಯಾರಿಗೆಂದು ಓದಿದ್ದು ಒಳಗೆ ಉಳಿದುಬಿಟ್ಟಿತು. ಎರಡು ಹಿಡಿಗಳ ದೊಡ್ಡ ಕಪ್ ಗೆದ್ದೆ. ಹೆಣ್ಣು ನೋಡಲು ಬಂದ ದಿನ ನಮ್ಮಪ್ಪ ಅದನ್ನು ತಂದು ಅತ್ತೆಯ ಕೈಗಿಟ್ಟರು. ಅತ್ತೆ ವಿಷಯ ಯಾವುದೆಂದು ಕೇಳಲಿಲ್ಲ. ತಿರುಗಿಸಿ, ಬೆರಳಲ್ಲಿ ತಟ್ಟಿ, "ಗಟ್ಟಿಯಾಗೈತೆ" ಎಂದರು. ಮದುವೆಯಾದ ವರ್ಷವೇ ಆ ಕಪ್ ಹೊಗೆಸೊಪ್ಪಿನ ಸಸಿಗೆ ಗೊಬ್ಬರ ಅಳೆಯುವ ಪಾತ್ರೆಯಾಯಿತು. ಅದು ಯಾತಕ್ಕೆ ಸಿಕ್ಕ ಕಪ್ ಎಂದು ನಾನು ಸಾಲಿನ ನಡುವೆಯೇ ನಿಂತು ವಿವರಿಸಿದೆ.

"ಒಗೆಸೊಪ್ಪು ಬ್ಯಾಡ ಅಂದಿದ್ಕೆ ಕೊಟ್ರಾ?" ಎಂದರು ಅತ್ತೆ, ಇನ್ನೊಂದು ಕಪ್ ತುಂಬುತ್ತ. "ಅದೇನಾರಾ ಆಗ್ಲಿ, ಅಳ್ತೆ ಮಾತ್ರ ಸರ್ಯಾಗೈತೆ ಕಣವ್ವ."

ನಾನು ಹಾಡು ಬರೆದು, ಗಿಟಾರು ಹಿಡಿದು ಹಾಡಿ, ನಾನೇ ಇಂಟರ್ನೆಟ್ಟಿಗೆ ಹಾಕುವವಳು. ಹಿಂದೆ ಕಂಪನಿಯಿಲ್ಲ, ಮುಂದೆ ಮ್ಯಾನೇಜರಿಲ್ಲ. ಇದಕ್ಕೆ ಸ್ವತಂತ್ರ ಕಲಾವಿದೆ ಎನ್ನುತ್ತಾರೆ. ಅತ್ತೆ, ಗಂಡ, ಮೂರು ವರ್ಷದ ಮಗಳು ಇರುವ ಮನೆಯಲ್ಲಿ ಈ ಪದದ ಮೊದಲರ್ಧಕ್ಕೆ ನನಗೆ ಇನ್ನೂ ಪುರಾವೆ ಸಿಕ್ಕಿಲ್ಲ. ನನ್ನ ಗಂಡನಿಗೆ ರಾವಂದೂರಿನಲ್ಲಿ ಮೋಟಾರು ರಿಪೇರಿ ಅಂಗಡಿ. ಸಂಗೀತದಲ್ಲಿ ರಾಗ ತಾಳ ತಿಳಿಯದಿದ್ದರೂ, ರೆಕಾರ್ಡಿಂಗಿನ ಹಿಂದೆ ಗುಂಯ್ ಎನ್ನುತ್ತಿರುವುದು ಯಾರ ತೋಟದ ಮೋಟಾರು, ಎಷ್ಟು ಎಚ್‌ಪಿಯದು ಎಂದು ಹೇಳಬಲ್ಲರು.

ಕಷ್ಟವೆಂದರೆ ಹಾಡಲು ಜಾಗ. ಮಲಗುವ ಕೋಣೆಗೆ ಸಿಮೆಂಟ್ ಶೀಟು, ಅದರ ಮೇಲೆ ಕೋಳಿ. ಕೊನೆಗೆ ಬಟ್ಟೆ ತುಂಬಿದ ಬೀರುವಿನೊಳಗೆ ತಲೆಯಿಟ್ಟು ಹಾಡಿದರೆ ಸದ್ದು ಚೊಕ್ಕಟವಾಗಿ ಬರುತ್ತದೆಂದು ಎಲ್ಲೋ ಓದಿ ಹಾಗೇ ಮಾಡಿದೆ. ಸಂಜೆ ಪಕ್ಕದ ಮನೆಯ ಅಕ್ಕ ಬಂದು ನನ್ನನ್ನು ಹಿತ್ತಿಲಿಗೆ ಕರೆದರು.

"ಏನಾರಾ ಇದ್ರೆ ಬಾಯ್ಬುಟ್ಟು ಏಳು ಕಣವ್ವ. ಬೀರೊಳಕ್ಕೆ ತಲೆ ಇಕ್ಕಂಡು ಅತ್ರೆ ಸಂಸಾರ ನೆಟ್ಟಗಾದದಾ?"

"ಅಳ್ತಿರಲಿಲ್ಲ ಅಕ್ಕ, ಹಾಡ್ತಿದ್ದೆ."

"ಬೀರೊಳಗಾ?" ಎಂದು ಅವರು ಮತ್ತಷ್ಟು ಕನಿಕರದಿಂದ ನೋಡಿದರು. ಅಳುತ್ತಿದ್ದೆ ಎಂದು ಒಪ್ಪಿಕೊಂಡಿದ್ದರೇ ಒಳ್ಳೆಯದಿತ್ತು.

ಬ್ಯಾರನ್ ಸಿಕ್ಕಿದ್ದು ಆಕಸ್ಮಿಕ. ಒಲೆ ಆರಿಸಿ ಬಾಗಿಲು ತೆರೆದಿದ್ದ ಒಂದು ಬೆಳಿಗ್ಗೆ, ಹೊಸ್ತಿಲೊಳಗೆ ನಿಂತು ಮಗಳನ್ನು ಕೂಗಿದೆ. ನನ್ನ ದನಿ ಬಾಯಿಂದ ಹೊರಟು ಅಲ್ಲೇ ಬಿತ್ತು. ಮಾರ್ದನಿಯಿಲ್ಲ, ಕೋಳಿಯಿಲ್ಲ, ಮಿಕ್ಸಿಯಿಲ್ಲ. ಚಪ್ಪಾಳೆ ತಟ್ಟಿದೆ. ಎಲೆಗಳು ಅದನ್ನು ಪೂರ್ತಿ ನುಂಗಿದವು. ಮತ್ತೆ ತಟ್ಟಿದೆ.

"ಏನವ್ವ, ಸೊಪ್ಪಿಗೆ ಚಪ್ಪಾಳೆ ತಟ್ತಿದ್ದೀಯಾ?" ಎಂದರು ಹಿಂದಿನಿಂದ ಅತ್ತೆ. "ಚೆನ್ನಾಗಿ ಬೆಂದದೆ, ದಿಟವೆ. ಅದ್ಕೇನು ಸನ್ಮಾನ ಮಾಡೀಯಾ?"

ಬೆಂದ ಎಲೆ ಗರಿಗರಿಯಾಗಿರುತ್ತದೆ, ಮುಟ್ಟಿದರೆ ಪುಡಿ. ಅದಕ್ಕೇ ಒಂದು ದಿನ ಬಾಗಿಲು ತೆರೆದಿಟ್ಟು, ಗಾಳಿಯ ತೇವ ಕುಡಿದು ಮೆತ್ತಗಾದ ಮೇಲೆ ಇಳಿಸುತ್ತಾರೆ. ಆ ಒಂದು ದಿನ ಯಾರೂ ಒಳಗೆ ಹೋಗುವುದಿಲ್ಲ. ಆ ದಿನ ನನ್ನದಾಯಿತು. ಒಂದು ಹಂಗಾಮಿಗೆ ನಮ್ಮ ಹೊಲದಿಂದ ಏಳು ಬ್ಯಾರನ್ ಸೊಪ್ಪು. ಆದ್ದರಿಂದ ನನ್ನ ಆಲ್ಬಮ್ಮಿಗೆ ಏಳು ಹಾಡು. ಏಳೇ ಏಕೆ, ಸಪ್ತಸ್ವರವೇ ಎಂದು ಒಬ್ಬರು ಆಮೇಲೆ ಕೇಳಿದರು. ಅಲ್ಲ, ಮೂರು ಎಕರೆ.

ಅತ್ತೆಯ ಷರತ್ತು: ಎಲೆ ಮುಟ್ಟಬಾರದು, ಚಪ್ಪಲಿ ಹಾಕಬಾರದು, ಅವರು ಹೊರಗೆ ಬಾ ಎಂದಾಗ ಹಾಡು ಎಲ್ಲಿದ್ದರೂ ಬಿಟ್ಟು ಬರಬೇಕು. ಮಗಳನ್ನು ಒಳಗೆ ಬಿಡಬಾರದು ಎಂಬ ಷರತ್ತು ನನ್ನದು. ಮೂರು ಹಾಡು ಮುಗಿಯುವಷ್ಟರಲ್ಲಿ ಅತ್ತೆ ಒಂದು ಸಿದ್ಧಾಂತ ಮಂಡಿಸಿದರು. ನಾನು ಹಾಡಿದ ದಿನ ಸೊಪ್ಪು ಬೇಗ ಮೆತ್ತಗಾಗುತ್ತದೆ. ಬಾಯಿಯ ಆವಿಯಿಂದ.

"ಅತ್ತೆ, ಒಬ್ಬಳ ಉಸಿರಲ್ಲಿ ಎಷ್ಟು ನೀರಿರುತ್ತೆ? ಒಂದು ಲೋಟ ಇರಲ್ಲ."

"ಬೇರೇವ್ರಿಗೆ ಅಷ್ಟೆಯಾ. ನೀನು ಬಾಯ್ ಮುಚ್ಚದೇ ಇಲ್ವಲ್ಲವ್ವಾ."

ಪರೀಕ್ಷೆ ಮಾಡೋಣ ಎಂದೆ. ನಾಲ್ಕನೇ ಬ್ಯಾರನ್ನಿನ ಹಾಡನ್ನು ಮಧ್ಯಾಹ್ನಕ್ಕಿಟ್ಟು, ಬೆಳಗಿನ ಹೊತ್ತೆಲ್ಲ ಹಾಡದೆ ಕುಳಿತೆ. ಮಧ್ಯಾಹ್ನದೊಳಗೆ ಸೊಪ್ಪು ಮೆತ್ತಗಾದರೆ ನಾನು ಗೆದ್ದಂತೆ. ಹನ್ನೊಂದು ಗಂಟೆಗೆ ಸೋನೆ ಹಿಡಿಯಿತು, ಸೊಪ್ಪು ಅರ್ಧ ಗಂಟೆಯಲ್ಲಿ ಬಾಡಿದ ವೀಳ್ಯದೆಲೆಯ ಹಾಗಾಯಿತು. ನಾನು ಗೆದ್ದೆ ಎಂದೆ. ಮಳೆ ಬಂದರೆ ಲೆಕ್ಕಕ್ಕಿಲ್ಲ ಎಂದರು ಅತ್ತೆ. ನಮ್ಮವರನ್ನು ತೀರ್ಪು ಕೇಳಿದೆವು. ಅವರು ಯೋಚಿಸಿ, ಬ್ಯಾರನ್ನಿನ ಬಲ್ಬಿನ ಹೋಲ್ಡರು ಸಡಿಲವಾಗಿದೆ ಎಂದರು.

ಹಾಡುವುದು ಹೊಗೆಸೊಪ್ಪಿನ ನಡುವೆ, ವಾದ ಮಾಡುವುದು ಅದರ ವಿರುದ್ಧ. ಮದುವೆಯಾದಾಗಿನಿಂದ ನಾನು ಒಂದು ದಿನವೂ ಬಿಟ್ಟವಳಲ್ಲ. ಸೌದೆಗೆ ಎಷ್ಟು ಮರ, ಕಟ್ಟುವವರ ಕೈಗೆ ಅಂಟುವ ಕರಿ ಮೇಣ, ಎಳೆಮಗುವಿರುವ ಮನೆಯಲ್ಲಿ ಆ ಘಾಟು: ಮುದ್ದೆ ಮುರಿಯುವಾಗ, ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ, ಅತ್ತೆಗೆ ಹೇಳುತ್ತಲೇ ಇದ್ದೆ. ಅತ್ತೆ "ಊಂ, ಊಂ" ಎನ್ನುತ್ತಿದ್ದರು. ಊಂ ಎಂದರೆ ಕೇಳುತ್ತಿಲ್ಲ ಎಂದು ನಾನು ತಿಳಿದಿದ್ದೆ.

ಆರನೇ ಹಾಡು ಮುಗಿದ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆ ಸಾರು ಬಡಿಸುತ್ತ ಹೇಳಿದರು.

"ಬರೋ ಬ್ಯಾರನ್ನೇ ಕಡೇದು. ಮುಂದಿನ್ ವರ್ಸದಿಂದ ಒಗೆಸೊಪ್ಪು ಆಕಕಿಲ್ಲ. ಮುಸುಕಿನ ಜೋಳ ಆಕವ. ನೀನೇಳದು ಸರಿ."

ನಾಲ್ಕು ವರ್ಷ ವಾದಿಸಿದವಳು ಗೆದ್ದಿದ್ದೆ. ತೀರ್ಪುಗಾರರು ಹೆಸರು ಕೂಗಿಯಾಗಿತ್ತು. ಕೈಯಲ್ಲಿದ್ದ ಮುದ್ದೆ ಬಾಯಿಗೆ ಹೋಗಲಿಲ್ಲ. ಖಾಲಿ ಬ್ಯಾರನ್ನಿನಲ್ಲಿ ಹಾಡಿದರೆ ಬಾವಿಯೊಳಗೆ ಬಿದ್ದವರು ಕೂಗಿದ ಹಾಗಿರುತ್ತದೆ. ಏಳನೆಯದು ಮುಗಿದರೂ, ಮುಂದಿನ ಹಾಡುಗಳನ್ನು ಎಲ್ಲಿ ಹಾಡಲಿ? ಮತ್ತೆ ಬೀರುವೇ?

"ಅಲ್ಲ ಅತ್ತೆ," ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ಒಂದೇ ಸಲ ಬಿಡೋದು ಅವೈಜ್ಞಾನಿಕ. ಹಂತಹಂತವಾಗಿ ಬಿಡಬೇಕು. ಈ ಮಣ್ಣಿಗೆ ಒಗ್ಗಿರೋ ಬೆಳೆ. ನಿಮ್ಮ ಅನುಭವ ಏನಾಗಬೇಕು? ಬ್ಯಾರನ್ ಕೂಡ ಇನ್ನೂ ಗಟ್ಟಿಯಾಗಿದೆ."

ಅತ್ತೆ ಸೌಟು ಕೆಳಗಿಟ್ಟರು.

"ಒಂದು ಬ್ಯಾರನ್ ಬೇಯಕ್ಕೆ ಎಷ್ಟು ಮರ ಉರುಸ್ತೀರಿ ಅಂದೋರ್ಯಾರು?"

"ನಾನು."

"ಎಣ್ಣಾಳ್ಗಳ ಕೈ ನೋಡಿ ಅಂದೋರ್ಯಾರು?"

"ನಾನೇ."

"ಎಳೇ ಕೂಸಿರೋ ಮನೇಲಿ ಈ ಗಾಟು ಯಾಕೆ ಅಂದೋರ್ಯಾರು?"

"ನಾನೇ ಅತ್ತೆ."

"ಅಂಗಾರೆ ಈಗ ಮಾತಾಡ್ತಾ ಇರೋಳ್ಯಾರು?"

ನಮ್ಮವರು ತಟ್ಟೆಯಿಂದ ತಲೆಯೆತ್ತಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು. ಚರ್ಚೆಯಲ್ಲಿ ಎದುರಾಳಿಯ ಮಾತನ್ನು ಅವರಿಗೇ ತಿರುಗಿಸುವುದು ಎಂಬ ವರಸೆಯಿದೆ, ನನಗೆ ಅದರಲ್ಲಿ ಬಹುಮಾನ ಬಂದಿದೆ. ನಾನು ಸೋತದ್ದು ಅತ್ತೆಗಲ್ಲ, ನಾಲ್ಕು ವರ್ಷ ವಾದಿಸಿದ ನನಗೇ. ಹೊಗೆಸೊಪ್ಪು ಹೋಗಬೇಕೆಂದು ನಾನು ನಿಜವಾಗಿಯೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆ ಮಧ್ಯಾಹ್ನ ಮಾತ್ರ, ಅದು ಹೋಗಲಿ ಆದರೆ ನೇತಾಡುತ್ತಲೂ ಇರಲಿ ಎಂಬುದು ನನ್ನ ನಿಲುವಾಗಿತ್ತು. ಇದಕ್ಕೆ ಪರವೂ ಇಲ್ಲ, ವಿರೋಧವೂ ಇಲ್ಲ, ಯಾವ ಚೀಟಿಯಲ್ಲೂ ಇದನ್ನು ಬರೆದಿರುವುದಿಲ್ಲ.

ಕೊನೆಯ ಬ್ಯಾರನ್ನಿನ ಒಲೆ ಆರಿತು. ಮರುದಿನವಿಡೀ ನನ್ನದೆಂದು ಲೆಕ್ಕ. ಬೆಳಿಗ್ಗೆ ಎದ್ದರೆ ಹೊಲದ ಬೇಲಿ ಕಾಣದಷ್ಟು ಮಂಜು. ಅತ್ತೆ ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. ಅದು ಮುರಿಯದೆ ನಿಧಾನವಾಗಿ ಬಿಚ್ಚಿಕೊಂಡಿತು.

"ಮೆತ್ತಗಾಗ್ಬುಡ್ತು. ಈವತ್ತೇ ಇಳಿಸ್ಬೇಕು. ಮುಯ್ಯಾಳ್ಗೆ ಏಳಿ ಕಳ್ಸಿವ್ನಿ."

ಮುಯ್ಯಾಳು ಎಂದರೆ ನಾವು ಅವರ ಕೆಲಸಕ್ಕೆ ಹೋಗಿದ್ದಕ್ಕೆ ಪ್ರತಿಯಾಗಿ ನಮ್ಮ ಕೆಲಸಕ್ಕೆ ಬರುವವರು. ನಾಳೆ ಬನ್ನಿ ಎನ್ನುವಂತಿಲ್ಲ, ನಾಳೆ ಅವರು ಇನ್ನೊಬ್ಬರ ಮನೆಗೆ. ಎಂಟು ಗಂಟೆಗೆ ಎಂಟು ಹೆಂಗಸರು, ಇಬ್ಬರು ಗಂಡಸರು ಬಂದು ಜಗಲಿಯಲ್ಲಿ ಕಾಫಿಗೆ ಕುಳಿತರು. ಅವರ ಲೋಟ ಖಾಲಿಯಾಗುವವರೆಗೆ ನನ್ನ ಸಮಯ.

ಮೈಕು ನಿಲ್ಲಿಸಿ ಶುರುಮಾಡಿದೆ. ಮೊದಲ ಸಾಲಿಗೇ ಹೆಡ್‌ಫೋನ್ ಹಾಕಿಕೊಂಡಿದ್ದ ನಮ್ಮವರು ಕೈಯೆತ್ತಿದರು.

"ತಡಿ ತಡಿ. ಕೆಳಗಲ ತೋಟದ ಮೋಟ್ರು. ಬೇರಿಂಗ್ ಓಗೈತೆ. ನಿಲ್ಸಿ ಬತ್ತೀನಿ."

ಹೋದರು. ಮೋಟಾರು ನಿಂತಿತು, ಅವರು ಬರಲಿಲ್ಲ. ಬೇರಿಂಗ್ ಕೆಟ್ಟ ಮೋಟಾರನ್ನು ಬಿಚ್ಚದೆ ಬಿಟ್ಟು ಬರುವುದು ಅವರಿಂದಾಗದು. ನಾನೇ ಗುಂಡಿಯೊತ್ತಿ ಹಾಡಿದೆ. ಎರಡನೇ ಚರಣದ ಹತ್ತಿರ ಹಿತ್ತಿಲಿಂದ ಮಗಳ ದನಿ ಶ್ರುತಿಬದ್ಧವಾಗಿ ಬಂತು. "ಅಮ್ಮಾ, ಆಯ್ತೂ!"

ಕಕ್ಕಸಿನಿಂದ ಈ ಕರೆ ಬಂದರೆ ತಾಯಿ ಹೋಗಬೇಕು. "ನಿನ್ನೇ ಕರೀತಾವ್ಳೆ ಕಣವ್ವ," ಎಂದರು ಅತ್ತೆ, ನನ್ನ ಆಶೆಯ ನೋಟಕ್ಕೆ ಉತ್ತರವಾಗಿ. ತೊಳೆಸಿ, ಚಡ್ಡಿ ಹಾಕಿ, ಕೈ ಒರೆಸಿಕೊಂಡು ಓಡಿ ಬಂದರೆ ಇಬ್ಬರು ಗಂಡಸರು ಗಳ ಹತ್ತಿಯಾಗಿತ್ತು, ಹೆಂಗಸರು ಬಾಗಿಲವರೆಗೆ ಸಾಲು ನಿಂತಿದ್ದರು. ಮೇಲಿನ ಸಾಲಿನ ಕಡ್ಡಿಗಳು ಕೈಯಿಂದ ಕೈಗೆ ಇಳಿಯುತ್ತಿದ್ದವು.

"ಅತ್ತೆ!" ಎಂದೆ. ವಾದ ಬರಲಿಲ್ಲ, ಅಷ್ಟೇ ಬಂತು.

ಅತ್ತೆ ನನ್ನನ್ನು ನೋಡಿದರು, ಮೈಕನ್ನು ನೋಡಿದರು.

"ನೀನು ಆಡೇಳ್ಕ. ನಾವು ಇಳಿಸ್ಕತೀವಿ. ಮೆತ್ತಗಿರೋ ಸೊಪ್ಪು ಸದ್ದು ಮಾಡಕಿಲ್ಲ." ಆಮೇಲೆ ಸಾಲಿನ ಕಡೆ ತಿರುಗಿ, "ಯಾರಾರಾ ಬಾಯ್ಬುಟ್ರೆ ನೋಡಿ ಮತ್ತೆ!"

ಅವರು ಹೇಳಿದ್ದು ನಿಜ. ಗರಿಗರಿ ಎಲೆ ಉಸಿರಿಗೂ ಸದ್ದು ಮಾಡುತ್ತದೆ, ಮೆತ್ತಗಾದದ್ದು ತೊಟ್ಟಿಲಿಂದ ಎತ್ತಿಕೊಂಡ ಮಗುವಿನ ಹಾಗೆ ಸುಮ್ಮನೆ ಬರುತ್ತದೆ. ನಾನು ನಡುವೆ ನಿಂತು ಕಣ್ಣು ಮುಚ್ಚಿ ಹಾಡಿದೆ. ನನ್ನ ಎರಡೂ ಪಕ್ಕದಲ್ಲಿ ಸೊಪ್ಪು ಹೊರಗೆ ಹೋಗುತ್ತಿತ್ತು. ಪಲ್ಲವಿಯಲ್ಲಿ ದನಿ ತುಟಿಯ ಮುಂದೆಯೇ ಬೀಳುತ್ತಿತ್ತು. ಎರಡನೇ ಚರಣಕ್ಕೆ ಸ್ವಲ್ಪ ದೂರ ಹೋಗಿ ಬಂತು. ಹಾಡು ಮುಗಿದರೂ ಅವರದು ಮುಗಿದಿರಲಿಲ್ಲ, ಪಲ್ಲವಿಯನ್ನೇ ಮತ್ತೆ ಮತ್ತೆ ಹಾಡಿದೆ. ಕೊನೆಗೆ ಒಂದು ಸಾಲು ಹೇಳಿ ನಿಲ್ಲಿಸಿದಾಗ ಅದು ಮೇಲೆ ಖಾಲಿ ಗಳಗಳವರೆಗೆ ಹೋಗಿ, ಗೋಡೆಗೆ ಬಡಿದು, ನನ್ನ ಹತ್ತಿರ ತಿರುಗಿ ಬಂತು. ಅದೇ ಕ್ಷಣಕ್ಕೆ ಸಾಲಿನಲ್ಲಿದ್ದ ಪಕ್ಕದ ಮನೆಯ ಅಕ್ಕನ ಪಿಸುಮಾತು: "ಇನ್ನೂ ಮುಗೀಲಿಲ್ವಾ ಇವ್ಳ್ದು?" ಅದರ ಮೇಲೆ ಅತ್ತೆಯ "ಶ್ಶ್!" ಅಕ್ಕನ ಮಾತಿಗಿಂತ ಅದೇ ಉದ್ದ, ಅದೇ ಜೋರು.

ಎರಡನ್ನೂ ಅಳಿಸಲಿಲ್ಲ. ಹಾಡು ಹೊರಬಂದ ಮೇಲೆ ಕೇಳಿದವರು, ಕೋಣೆ ಮೆಲ್ಲಗೆ ದೊಡ್ಡದಾಗುತ್ತ ಹೋಗುತ್ತದಲ್ಲ, ಯಾವ ಸಾಫ್ಟ್‌ವೇರ್ ಎಂದು ಬರೆದರು. ಎಂಟು ಹೆಂಗಸರು, ಇಬ್ಬರು ಗಂಡಸರು ಎಂದು ಉತ್ತರಿಸಿದೆ. ತಮಾಷೆ ಎಂದುಕೊಂಡರು.

ಜೋಳದ ಕೊಯ್ಲಾದ ವಾರ ಅತ್ತೆ ನನ್ನನ್ನು ಬ್ಯಾರನ್ನಿಗೆ ಕರೆದರು. ಒಳಗೆ ಗಳಗಳ ಮೇಲೆಲ್ಲ ತೆನೆ ಮುರಿದ ಜೋಳದ ಒಣ ಸಪ್ಪೆಯನ್ನು ಕಟ್ಟುಕಟ್ಟಾಗಿ ನೇತುಹಾಕಿದ್ದರು. ದನದ ಮೇವನ್ನು ಯಾರೂ ಹೀಗೆ ನೇತುಹಾಕುವುದಿಲ್ಲ.

"ಚಪ್ಪಾಳೆ ತಟ್ಟು," ಎಂದರು.

ತಟ್ಟಿದೆ. ಸುಳ್ಳು ಹೇಳಲು ಮನಸ್ಸಾಯಿತು, ಅಭ್ಯಾಸವಿರಲಿಲ್ಲ.

"ಸೊಪ್ಪಿನಷ್ಟು ನುಂಗ್ತಿಲ್ಲ ಅತ್ತೆ."

"ದಂಟು ಗಟ್ಟಿ, ನುಂಗಕಿಲ್ಲ. ಬತ್ತದುಲ್ಲು ಮೆತ್ತಗಿರ್ತದೆ. ನಿಮ್ಮಪ್ಪಂಗೆ ಪೋನ್ ಮಾಡು."

ಮಾಡಿದೆ. ಒಂದು ಟ್ರ್ಯಾಕ್ಟರು ಹುಲ್ಲು ಬೇಕು ಎಂದೆ.

"ಎಮ್ಮೆ ತಕ್ಕಂಡ್ರಾ?" ಎಂದರು ಅಪ್ಪ, ಸಂತೋಷದಿಂದ.

"ಇಲ್ಲಪ್ಪ."

"ಅಂಗಾರೆ ಅಸೂನಾ?"

"ಅಲ್ಲ. ಅದು ಏನಂದ್ರೆ ಅಪ್ಪಾ, ಧ್ವನಿ ಅನ್ನೋದು ಗೋಡೆಗೆ ಬಡಿದಾಗ..."

ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಬೀಗ್ರೇ, ಅವಳ್ನ ಕೇಳ್ಬ್ಯಾಡಿ, ವತ್ತು ಮುಳ್ಗತದೆ. ಉಲ್ಲು ಕಳ್ಸಿ."