ಕಪ್ಪೆ ಕಾಯ್ದ ಡಂಗುರ

ನಾನೂ ನನ್ನ ಅಕ್ಕನ ಗಂಡನೂ ಒಂದೇ ಕಡೆ ಕೆಲಸಕ್ಕಿದ್ದೆವು. ಊರಿಗೆ ಕುಡಿಯುವ ನೀರು ಸೋಸಿ ಬಿಡುವ ಸ್ಥಾವರ ಅದು. ನಾನು ಪಂಪ್ ರಿಪೇರಿ ಮಾಡುವವನು, ಅವನು ವಾಲ್ವ್ ತಿರುಗಿಸುವವನು. ಭಾವನನ್ನು ಏಕವಚನದಲ್ಲಿ ಬರೆಯುತ್ತಿದ್ದಾನಲ್ಲ ಎಂದು ಯಾರೂ ಹುಬ್ಬೇರಿಸಬೇಡಿ. ಎದುರಿಗೆ ಬಹುವಚನ ಕೊಟ್ಟು ಕೊಟ್ಟು ಸಾಕಾಗಿದೆ. ಕಾಗದದ ಮೇಲಾದರೂ ನನಗೆ ಬಿಡುವು ಬೇಡವೇ?

ಸ್ಥಾವರದಲ್ಲಿ ಅವನಿಗೆ 'ಡಂಗುರ' ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಹಲ್ಲುಜ್ಜಿದ್ದನ್ನೂ ನಾಲ್ಕು ಜನರಿಗೆ ಹೇಳದಿದ್ದರೆ ಅವನ ಹಲ್ಲು ಸ್ವಚ್ಛವಾಗುತ್ತಿರಲಿಲ್ಲ. ಅಕ್ಕನಿಗೆ ಹೆರಿಗೆಯಾದಾಗ ಆಸ್ಪತ್ರೆಯ ವರಾಂಡದಲ್ಲಿ ಕೂತು, ಬಂದವರಿಗೆಲ್ಲ "ನನ್ನ ಕಷ್ಟ ನನಗೇ ಗೊತ್ತು, ಸೊಂಟ ಬಿದ್ದುಹೋಯ್ತು" ಎನ್ನುತ್ತಿದ್ದ. ಬೆಂಚಿನ ಮೇಲೆ ವಕ್ರವಾಗಿ ಮಲಗಿ ಸೊಂಟ ಹಿಡಿದುಕೊಂಡಿದ್ದಂತೂ ನಿಜ. ಬಂದವರು ಅವನನ್ನೇ ಸಮಾಧಾನ ಮಾಡಿ ಹೋಗುತ್ತಿದ್ದರು. ಒಳಗೆ ಮಲಗಿದ್ದವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಸ್ಥಾವರದ ಹಿಂಭಾಗದಲ್ಲಿ ಹಳೇ ಕಾಲದ ಕಲ್ಲಿನ ತೊಟ್ಟಿಯೊಂದಿತ್ತು. ಹೊಸ ತೊಟ್ಟಿಗಳು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ನದಿಯ ಕಡೆಯ ಹಳೇ ಪೈಪಿನಿಂದ ಸದಾ ನೀರು ಜಿನುಗುತ್ತಿದ್ದರಿಂದ ಅದು ಬತ್ತುತ್ತಿರಲಿಲ್ಲ. ಗೋಡೆಗೆಲ್ಲ ಪಾಚಿ. ಅದರ ಪಕ್ಕದಲ್ಲೇ ಡಂಗುರನ ವಾಲ್ವ್ ಕೋಣೆ. ತೊಟ್ಟಿಯಲ್ಲಿ ಸಣ್ಣ ಸಣ್ಣ ಕಪ್ಪೆಗಳಿದ್ದವು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು, ಹೊಟ್ಟೆ ಹಳದಿ. ಅವು ಎಲ್ಲ ಕಪ್ಪೆಗಳ ಹಾಗೆ ವಟಗುಟ್ಟುತ್ತಿರಲಿಲ್ಲ. ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಕಿರ್ ಕಿರ್ ಎನ್ನುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ ಕೋಣೆಯಲ್ಲಿ ನಿದ್ದೆ ಹೊಡೆಯುವುದು ಡಂಗುರನ ಮುಖ್ಯ ಕೆಲಸ. ಈ ಕಿರ್ ಕಿರ್ ಅದಕ್ಕೆ ಅಡ್ಡಿ. ಮೇಲಾಗಿ ಒಮ್ಮೆ ಅವನ ಬೂಟಿನೊಳಗೆ ಒಂದು ಕಪ್ಪೆ ಸೇರಿಕೊಂಡು, ಅವನು ಒಂಟಿ ಕಾಲಲ್ಲಿ ಅಂಗಳವೆಲ್ಲ ಕುಣಿದಿದ್ದ. ಅವತ್ತಿನಿಂದ ಹಗೆ ಶುರುವಾಯಿತು. ನೀರಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಆಗಾಗ ಬೊಗಸೆ ತುಂಬ ತಂದು ತೊಟ್ಟಿಗೆ ಎಸೆಯುತ್ತಿದ್ದ.

"ಒಂದು ಬೊಗಸೆ ನೋಡಯ್ಯಾ, ಎಲ್ಲಾ ಗಪ್‌ಚಿಪ್!" ಎಂದು ನನ್ನ ಮುಂದೆ ಮೀಸೆ ತಿರುವುತ್ತಿದ್ದ, ಹುಲಿ ಹೊಡೆದವನ ಹಾಗೆ.

ಕಪ್ಪೆಗಳು ಪೂರ್ತಿ ಅಳಿಯದೆ ಉಳಿದದ್ದಕ್ಕೆ ಕಾರಣ ಅವನ ಸೋಮಾರಿತನ. ಪುಡಿ ಎಸೆಯುತ್ತಿದ್ದುದು ಬಾಗಿಲ ಹತ್ತಿರದ ಮೂಲೆಗೆ ಮಾತ್ರ. ಆಚೆ ತುದಿಗೆ ಹೋಗಬೇಕಾದರೆ ಕೆಸರು ತುಳಿಯಬೇಕಿತ್ತು, ಅಷ್ಟು ದೂರದ ದ್ವೇಷ ಅವನಲ್ಲಿರಲಿಲ್ಲ.

ಹೀಗಿರುವಾಗ ಒಬ್ಬ ಹೆಂಗಸು ಬಂದಳು. ವಿಶ್ವವಿದ್ಯಾಲಯದಲ್ಲಿ ಕಪ್ಪೆಗಳ ಮೇಲೆ ಸಂಶೋಧನೆ ಮಾಡುವವಳು. ನದಿಯ ಮೇಲ್ಭಾಗಕ್ಕೆ ಹೋಗಲು ನಮ್ಮ ಜಾಗದ ಮೂಲಕ ದಾರಿ ಬೇಕಿತ್ತು, ಎಂಜಿನಿಯರ್ ಸಾಹೇಬರ ಅನುಮತಿಗೆ ಕಾಯುತ್ತಿದ್ದಳು. ಸಾಹೇಬರು ಯಾರನ್ನೂ ಕಾಯಿಸದೆ ಒಳಗೆ ಬಿಟ್ಟವರಲ್ಲ. ಕಾದು ಕಾದು ಬೇಸತ್ತು ಅವಳು ಹಿಂದಕ್ಕೆ ಅಡ್ಡಾಡಲು ಹೋದಳು. ನಾನು ಅಲ್ಲೇ ಪಂಪಿನ ನಟ್ಟು ಬಿಚ್ಚುತ್ತಿದ್ದೆ. ನೋಡುತ್ತಿದ್ದಂತೆ ಅವಳು ತೊಟ್ಟಿಯ ಬಳಿ ಗಕ್ಕನೆ ನಿಂತಳು, ಆಮೇಲೆ ಒಳ್ಳೇ ಬಟ್ಟೆಯಲ್ಲೇ ಪಾಚಿಯ ಮೇಲೆ ಬೋರಲು ಮಲಗಿಬಿಟ್ಟಳು.

ನಿದ್ದೆ ಕೆಟ್ಟ ಡಂಗುರ ಹೊರಗೆ ಬಂದು ಗದರಿದ. "ಯಾರ್ರೀ ಅದು? ಬಿದ್ದು ಗಿದ್ದು ಸತ್ತರೆ ಯಾರ ತಲೆಗೆ ಬರುತ್ತೆ? ಏಳಿ ಮೇಲೆ!"

ಅವಳು ಎದ್ದಾಗ ಮುಚ್ಚಿದ ಅಂಗೈಯಲ್ಲಿ ಒಂದು ಕಪ್ಪೆಯಿತ್ತು, ಕೆನ್ನೆಯ ಮೇಲೆ ಕಣ್ಣೀರಿತ್ತು.

"ಇದು ಭೂಮಿ ಮೇಲೇ ಇಲ್ಲ ಅಂತ ಪುಸ್ತಕಗಳಲ್ಲಿ ಬರೆದುಬಿಟ್ಟಿದ್ದಾರೆ ಸಾರ್. ನಮ್ಮ ಗುರುಗಳು ಜೀವನ ಪೂರ್ತಿ ಹುಡುಕಿ, ಸಿಗದೇ ತೀರಿಕೊಂಡ್ರು. ಗಾಜಿನ ಸೀಸೆಯಲ್ಲಿ ಇಟ್ಟಿರೋ ಸತ್ತ ಕಪ್ಪೆ ಬಿಟ್ರೆ ಯಾರೂ ನೋಡಿಲ್ಲ. ಇಲ್ಲಿ ಹೇಗೆ ಉಳೀತು ಇದು?"

ಡಂಗುರ ಅವಳ ಮುಖ ನೋಡಿದ, ಕಪ್ಪೆಯನ್ನು ನೋಡಿದ. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಗಿಲ ಬಳಿಯಿದ್ದ ಪುಡಿಯ ಡಬ್ಬವನ್ನು ಹಿಮ್ಮಡಿಯಿಂದ ಒಳಕ್ಕೆ ತಳ್ಳಿ, ದನಿಯನ್ನು ಬೆಣ್ಣೆ ಮಾಡಿಕೊಂಡು ಹೇಳಿದ:

"ಹೇಗೆ ಉಳೀತು ಅಂದ್ರೆ ಏನು ಹೇಳಲಿ ಮೇಡಂ? ಮಕ್ಕಳ ಹಾಗೆ ನೋಡ್ಕೊಂಡಿದ್ದೀನಿ. ನಾನಿಲ್ಲದಿದ್ರೆ ಯಾವತ್ತೋ ಹೋಗಿರೋವು."

ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು.

ಆಮೇಲಿನದು ಕೇಳಬೇಡಿ. ಪೇಪರಿನವರು ಬಂದರು, ಟಿವಿಯವರು ಬಂದರು. ಕಪ್ಪೆಯನ್ನು ಅಂಗೈಯಲ್ಲಿ ಹಿಡಿದು ನಿಲ್ಲಿ ಎಂದರೆ ಡಂಗುರನ ಕೈ ಗಡಗಡ ನಡುಗಿತು. ಪೇಪರಿನವರು ಅದನ್ನು 'ಭಾವುಕ ಕ್ಷಣ' ಎಂದು ಬರೆದರು. ಅದೇ ತೊಟ್ಟಿ ಎಲ್ಲಿದೆ ಎಂದು ನನ್ನನ್ನು ಕೇಳಿಕೊಂಡು ಬಂದಿದ್ದ ಎಂಜಿನಿಯರ್ ಸಾಹೇಬರು ಕ್ಯಾಮೆರಾ ಮುಂದೆ 'ನಮ್ಮ ಇಲಾಖೆಯ ದೂರದೃಷ್ಟಿ' ಎಂದು ಭಾಷಣ ಬಿಗಿದರು. ಮೂಗಿನ ತುದಿಯಲ್ಲಿರುವ ತೊಟ್ಟಿ ಕಾಣದವರ ದೂರದೃಷ್ಟಿ! ಸಂಶೋಧಕಿ ಮಾತ್ರ ಎಲ್ಲ ಕಡೆ ಡಂಗುರನನ್ನೇ ಮುಂದೆ ಮಾಡಿದಳು. 'ಈ ಕಪ್ಪೆಗಳ ರಕ್ಷಕ' ಎಂದು ಅವನ ಹೆಸರಿನ ಬೋರ್ಡೊಂದನ್ನು ತೊಟ್ಟಿಯ ಬಳಿ ನೆಡಿಸಿದಳು. ಅವತ್ತಿನಿಂದ ಅವನ ಕಾಲು ನೆಲದಿಂದ ಗೇಣು ಮೇಲೆ.

ಅಕ್ಕನ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಅಕ್ಕ ತಟ್ಟೆಗೆ ಅನ್ನ ಬಡಿಸುತ್ತ ಕೇಳಿದಳು: "ರೀ, ಜಿರಳೆ ಕಂಡ್ರೆ ಮಂಚ ಹತ್ತೋರು ನೀವು. ಯಾವಾಗಿಂದ ಬಂತು ಈ ಪ್ರಾಣಿದಯೆ?"

"ನಿನಗೇನು ಗೊತ್ತಾಗುತ್ತೆ? ಕೆಲವರು ಒಳಗೊಳಗೇ ಮಾಡ್ತಾರೆ, ಹೇಳ್ಕೊಳ್ಳಲ್ಲ" ಎಂದ ಡಂಗುರ.

ನಾನು ನೀರು ಕುಡಿಯುತ್ತಿದ್ದವನು ಕೆಮ್ಮಿ ಕೆಮ್ಮಿ ಹೊರಗೆ ಹೋಗಬೇಕಾಯಿತು.

ಬೋರ್ಡು ನಿಂತ ಮೇಲೆ ಬಡಪಾಯಿಗೆ ಬೇರೆ ದಾರಿಯಿರಲಿಲ್ಲ. ಶಾಲೆಯ ಮಕ್ಕಳು ಬಂದು "ಅಂಕಲ್, ಎಷ್ಟು ಮರಿ ಇವೆ?" ಎಂದು ಕೇಳಿದರೆ ಏನಾದರೂ ತೋರಿಸಬೇಕಲ್ಲ. ಬ್ಲೀಚಿಂಗ್ ಪೌಡರ್ ಬೀಗದ ಕಪಾಟು ಸೇರಿತು. ತೊಟ್ಟಿಗೆ ಬಿದ್ದ ಪ್ಲಾಸ್ಟಿಕ್ಕನ್ನು ಮೂಗು ಮುಚ್ಚಿಕೊಂಡು ಎತ್ತತೊಡಗಿದ. ಕಪ್ಪೆಯನ್ನು ಮುಟ್ಟಬೇಕಾಗಿ ಬಂದಾಗ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಯಾರೂ ನೋಡದಿದ್ದರೆ ಕಸ ಎತ್ತುತ್ತಿರಲಿಲ್ಲ. ಆದರೆ ಯಾರಾದರೊಬ್ಬರು ಸದಾ ನೋಡುತ್ತಿದ್ದರು.

ಗದ್ದಲ ತಣ್ಣಗಾದ ಮೇಲೆ ಸಾಹೇಬರಿಗೆ ಆ ಜಾಗದಲ್ಲಿ ಅತಿಥಿಗೃಹ ಕಟ್ಟಿಸುವ ಯೋಚನೆ ಬಂತು. ತೊಟ್ಟಿ ಖಾಲಿ ಮಾಡಿ ಮಣ್ಣು ತುಂಬಿಸಿದರೆ ಯಾರಿಗೆ ಗೊತ್ತಾಗುತ್ತದೆ? ಕಪ್ಪೆ ತಾನೇ, ಮೊದಲು ಇರಲಿಲ್ಲ, ಮತ್ತೆ ಇಲ್ಲವಾಯಿತು ಎಂದರಾಯಿತು. ಡಂಗುರನನ್ನು ಕರೆಸಿ ತಳದ ವಾಲ್ವ್ ತೆರೆಯಲು ಹೇಳಿದರು. ಇವನು ಸಾಹೇಬರು ಸೀನಿದರೆ ಕರ್ಚೀಫು ಹಿಡಿಯುವವನು. "ಆಯ್ತು ಸಾರ್" ಎಂದ. ಸುಮ್ಮನೆ ಬರಬಹುದಿತ್ತು, ಬಾಗಿಲ ಹತ್ತಿರ ತಿರುಗಿ ಕೇಳಿದ:

"ಸಾರ್, ನನ್ನ ಬೋರ್ಡು?"

"ಯಾವ ಬೋರ್ಡು? ಓ, ಅದಾ. ಗುಜರಿಗೆ ಹಾಕ್ರೀ."

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಡಂಗುರ ನೇರ ವಾಲ್ವ್ ಕೋಣೆಗೆ ಬಂದ. ವಾಲ್ವ್ ತಿರುಗಿಸುವ ಕಬ್ಬಿಣದ ಚಕ್ರವನ್ನು ಬಿಚ್ಚಿದ. ಅದನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಒಳಗಿನಿಂದ ಚಿಲಕ ಹಾಕಿದ. ಚಕ್ರವಿಲ್ಲದೆ ಆ ವಾಲ್ವ್ ತೆರೆಯುವುದು ಯಾರಪ್ಪನಿಂದಲೂ ಆಗದು. ಸಾಹೇಬರು ಕಿಟಕಿಯ ಬಳಿ ನಿಂತು ಕಿರುಚಿದರು.

"ಏನ್ರೀ, ತಲೆ ಕೆಟ್ಟಿದ್ಯಾ? ಕೆಲಸ ಹೋಗುತ್ತೆ!"

"ಹೋಗ್ಲಿ ಸಾರ್! ಪ್ರಾಣ ಬಿಟ್ಟೇನು, ಕಪ್ಪೆ ಬಿಡಲ್ಲ!"

ಒಳಗಿನಿಂದಲೇ ಫೋನ್ ಮಾಡಿ ಸಂಶೋಧಕಿಯನ್ನೂ ಪೇಪರಿನವರನ್ನೂ ಕರೆದಿದ್ದ. ಅವರು ಬರುವವರೆಗೂ ಅದೇ ಮಾತನ್ನು ಬೇರೆ ಬೇರೆ ರಾಗದಲ್ಲಿ ಕೂಗುತ್ತಿದ್ದ. ಕ್ಯಾಮೆರಾ ಬಂದ ಮೇಲೆ ಕಿಟಕಿಯಲ್ಲಿ ಮುಖ ತೋರಿಸಿದ, ಕೂದಲು ಬಾಚಿಕೊಂಡಿದ್ದ. ಸಂಜೆಯೊಳಗೆ ಮೇಲಿನಿಂದ ಆಜ್ಞೆ ಬಂತು: ತೊಟ್ಟಿ ಮುಟ್ಟಬಾರದು, ಸುತ್ತ ಬೇಲಿ ಹಾಕಬೇಕು.

ಅದನ್ನು ಧೈರ್ಯ ಎಂದು ಕರೆಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಬೋರ್ಡನ್ನು ಹೊಸ ಅತಿಥಿಗೃಹದ ಗೋಡೆಗೆ ಹಾಕಿಸುತ್ತೇನೆ ಎಂದು ಸಾಹೇಬರು ಒಂದು ಮಾತು ಹೇಳಿದ್ದರೆ ಕಪ್ಪೆಗಳ ಕಥೆ ಮುಗಿದಿತ್ತು. ಅಷ್ಟು ಬುದ್ಧಿಯೂ ಅವರಿಗಿರಲಿಲ್ಲ.

ಬೇಲಿ ಹಾಕುವ ದಿನ ನಾನು ಸಂಶೋಧಕಿಯನ್ನು ಒಂದು ಪಕ್ಕಕ್ಕೆ ಕರೆದು, "ಮೇಡಂ, ನಿಮ್ಮ ರಕ್ಷಕ ಮೊದಲು ಏನು ಮಾಡ್ತಿದ್ರು ಅಂತ ಗೊತ್ತಾ?" ಎಂದೆ.

"ಬ್ಲೀಚಿಂಗ್ ಪೌಡರಾ? ಮೊದಲ ದಿನವೇ ನೋಡಿದ್ದೆ. ಈ ಮೂಲೆ ಕಲ್ಲೆಲ್ಲ ಬೆಳ್ಳಗಿತ್ತು, ಅವರ ಕೈ ಕೂಡ."

"ಮತ್ತೆ ತಲೆ ಮೇಲೆ ಯಾಕೆ ಕೂರಿಸಿಕೊಂಡ್ರಿ?"

"ನಾನು ದಿನಾ ಇಲ್ಲಿಗೆ ಬರೋಕಾಗಲ್ಲ. ಇಲ್ಲಿರೋರು ಯಾರಾದ್ರೂ ಕಾಯಬೇಕಿತ್ತು. ಇವರನ್ನ ಬೈದಿದ್ರೆ ನಾನು ಹೋದ ಮೇಲೆ ಇಡೀ ಡಬ್ಬ ಸುರೀತಿದ್ರು. ಹೊಗಳಿದೆ." ಬೇಲಿಯ ಕಂಬವನ್ನೊಮ್ಮೆ ಅಲುಗಾಡಿಸಿ ನೋಡಿ ಹೇಳಿದಳು, "ನೀವೂ ಇಲ್ಲೇ ಇದ್ರಿ. ಆದರೆ ನಿಮ್ಮನ್ನ ನೋಡಿದ್ರೆ ಹೊಗಳಿಕೆಗೆ ಬಗ್ಗೋರ ಹಾಗೆ ಕಾಣಲಿಲ್ಲ."

ಅದು ಹೊಗಳಿಕೆಯೋ ತೆಗಳಿಕೆಯೋ ನನಗೆ ತಿಳಿಯಲಿಲ್ಲ. ಅವಳ ಮೇಲೂ ಸ್ವಲ್ಪ ಸಿಟ್ಟು ಬಂತು.

ಸಾಹೇಬರು ಸೇಡು ಬಿಡಲಿಲ್ಲ. ಡಂಗುರನನ್ನು ಮನೆ ಮನೆಗೆ ಹೋಗಿ ನೀರಿನ ಮೀಟರ್ ನೋಡುವ ಕೆಲಸಕ್ಕೆ ಎತ್ತಿ ಹಾಕಿದರು. ಅವನಿಗೆ ಅದು ಶಿಕ್ಷೆ ಎಂದು ಅನ್ನಿಸಲೇ ಇಲ್ಲ. ಕೋಣೆಯಲ್ಲಿ ಕೇಳುವವನು ನಾನೊಬ್ಬನೇ ಇದ್ದೆ, ಈಗ ಬೀದಿಗಟ್ಟಲೆ ಬಾಗಿಲುಗಳು. ಮೀಟರಿನ ಮುಂದೆ ಬಗ್ಗಿದವನು ಏಳುವಾಗ ಕಪ್ಪೆಯ ಕಥೆಯೊಂದಿಗೇ ಏಳುತ್ತಾನೆ. ಎಲ್ಲ ಬೀದಿಯವರಿಗೂ ಅವನ ಪರಿಚಯವಾಗಿದೆ. ಅವನ ಸೈಕಲ್ ತಿರುವಿನಲ್ಲಿ ಕಂಡ ಕೂಡಲೇ ಒಬ್ಬರಿಗೊಬ್ಬರು ಸನ್ನೆ ಮಾಡಿ ಕದ ಹಾಕಿಕೊಳ್ಳುತ್ತಾರಂತೆ.

ಅಕ್ಕ ಹೇಳುತ್ತಾಳೆ, "ಪಾಪ, ಬಿಡೋ. ಒಂದಾದ್ರೂ ನಿಜವಾಗಿ ಮಾಡಿದಾರಲ್ಲ." ಮಧ್ಯಾಹ್ನ ಪಂಪು ನಿಂತಾಗ ತೊಟ್ಟಿಯ ಕಡೆಯಿಂದ ಕಪ್ಪೆಗಳ ಸದ್ದು ಕೇಳುತ್ತದೆ. ಮೊದಲಿಗಿಂತ ಜಾಸ್ತಿಯಾಗಿದೆ. ತಲೆ ಚಿಟ್ಟು ಹಿಡಿಯುತ್ತದೆ.