ಮ್ಯೂಟ್ ಮೇಡಂ

ತಂಡದವರು ಅವಳಿಗೆ ಇಟ್ಟ ಹೆಸರು ಮ್ಯೂಟ್ ಮೇಡಂ. ಸಾಫ್ಟ್‌ವೇರ್ ಕಂಪನಿ ಸೇರಿ ಆರು ತಿಂಗಳಾಗುತ್ತ ಬಂದರೂ ಮೀಟಿಂಗಿನಲ್ಲಿ ಅವಳ ದನಿ ಕೇಳಿದವರು ಕಡಿಮೆ. ಕೆಲಸ ಮನೆಯಿಂದಲೇ. ಮನೆಯೆಂದರೆ ಒಂದೂವರೆ ಕೋಣೆ. ಆ ಅರ್ಧದಲ್ಲಿ, ಪರದೆಯ ಆಚೆ, ರಾತ್ರಿ ಪಾಳಿಯ ಕಾವಲು ಮುಗಿಸಿ ಬಂದ ಅಪ್ಪ ಹಗಲೆಲ್ಲ ಮಲಗುತ್ತಾನೆ. ಈಚೆ, ಊಟದ ಮೇಜಿನ ಮೇಲೆ, ಅವಳ ಆಫೀಸು. ಮೈಕ್ ತೆರೆದರೆ ಅಪ್ಪನ ಗೊರಕೆಯೂ ಮೀಟಿಂಗಿಗೆ ಹಾಜರಿ ಹಾಕುತ್ತದೆ. ಹಾಗಾಗಿ ಬಾಯಿಗೆ ಬೀಗ.

ಈ ಶುಕ್ರವಾರಕ್ಕೆ ಅವಳ ಪ್ರೊಬೇಷನ್ ಅವಧಿ ಮುಗಿಯಲಿತ್ತು. ಖಾಯಂ ಮಾಡುತ್ತಾರೋ, ಮನೆಗೆ ಕಳಿಸುತ್ತಾರೋ ಅಂದೇ ಗೊತ್ತಾಗುವುದು. ಮನೆಯಲ್ಲೇ ಇರುವವಳನ್ನು ಇನ್ನೆಲ್ಲಿಗೆ ಕಳಿಸುತ್ತಾರೆ ಎಂದು ನಗುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಕೊನೆಯ ವಾರಕ್ಕೆ ಕೊಟ್ಟದ್ದು ಚಿಕ್ಕ ಕೆಲಸ. ಗಿರಾಕಿಗಳಿಗೆ ಸಾಮಾನು ತಲುಪುವ ತಾರೀಖು ಒಂದು ದಿನ ಹಿಂದೆ ತೋರಿಸುತ್ತಿತ್ತು, ಅದನ್ನು ಸರಿಪಡಿಸಬೇಕು. ಆದರೆ ಅವಳ ಲ್ಯಾಪ್‌ಟಾಪಿನಲ್ಲಿ ಆ ಪ್ರೋಗ್ರಾಂ ಶುರುವೇ ಆಗುತ್ತಿರಲಿಲ್ಲ. ಪ್ರತಿ ಸಲವೂ ಒಂದು ಕೆಂಪು ಸಾಲು ಬಂದು ನಿಲ್ಲುತ್ತಿತ್ತು. ತನಗೇ ಏನೋ ಬರುವುದಿಲ್ಲ ಎಂದುಕೊಂಡಳು. ಇಂಟರ್ನೆಟ್ ಜಾಲಾಡಿದಳು, ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದಳು, ಕೊನೆಗೆ ಒಲೆ ಹಚ್ಚದೆ ಅಡುಗೆಗೆ ನಿಂತವಳ ಹಾಗೆ ಬರೀ ಕೋಡ್ ಓದುತ್ತ ಕೂತಳು. ತಂಡದ ಹಿರಿಯನಿಗೆ ಒಂದು ಸಾಲು ಬರೆದು, ಇಷ್ಟೂ ಗೊತ್ತಿಲ್ಲವಾ ಅಂದುಬಿಟ್ಟರೆ ಏನು ಗತಿ ಎಂದು ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಬೆಳಗಿನ ಮೀಟಿಂಗಿನಲ್ಲಿ ಎಲ್ಲಿಗೆ ಬಂತು ಎಂದು ಕೇಳಿದರೆ ‘ಮುಗೀತಾ ಬಂತು’ ಎಂದು ಟೈಪ್ ಮಾಡಿ ಕೈತೊಳೆದುಕೊಳ್ಳುವಳು. ಆಫೀಸಿನಲ್ಲಾಗಿದ್ದರೆ ಚಹಾ ತರಲು ಹೊರಟ ಯಾರಾದರೂ ಬೆನ್ನ ಹಿಂದೆ ನಿಂತು ನೋಡಿಬಿಡುತ್ತಿದ್ದರು. ಇಲ್ಲಿ ಬೆನ್ನ ಹಿಂದೆ ಇದ್ದದ್ದು ಗೋಡೆ.

ಗುರುವಾರ ಮಧ್ಯಾಹ್ನ ಹಿರಿಯನೇ ಕರೆ ಮಾಡಿ, ಸ್ಕ್ರೀನ್ ತೋರಿಸಲು ಹೇಳಿದ. ತೋರಿಸಿದಳು.

“ಈ ಕೆಂಪು ಸಾಲು ಯಾವಾಗಿಂದ ಬರ್ತಿದೆ?”

“ಸೋಮವಾರದಿಂದ,” ಎಂದಳು ಪಿಸುದನಿಯಲ್ಲಿ.

“ಅಯ್ಯೋ, ನಿಮಗೆ ಪರ್ಮಿಷನ್ನೇ ಕೊಟ್ಟಿಲ್ಲ ಕಣ್ರೀ. ನಾನು ಕೊಡ್ಬೇಕಿತ್ತು, ಮರೆತುಬಿಟ್ಟಿದೀನಿ.” ಅತ್ತ ಏನೋ ಒತ್ತಿದ ಸದ್ದಾಯಿತು. ವಾರವಿಡೀ ಹಟ ಹಿಡಿದಿದ್ದ ಪ್ರೋಗ್ರಾಂ ಸಲೀಸಾಗಿ ತೆರೆದುಕೊಂಡಿತು. “ನಿಮ್ಮ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬರೋದು, ಹೋಗೋದು. ಏನೋ ಕೇಳ್ತಾರೆ ಅಂತ ದಿನಾ ನೋಡ್ತಿದ್ದೆ.”

“ನೋಡ್ತಿದ್ರಾ?” ಅವಳ ದನಿ ಮೊದಲ ಸಲ ಏರಿತು. “ಮತ್ತೆ ನೀವೇ ಒಂದು ಮಾತು ಕೇಳ್ಬಹುದಿತ್ತಲ್ಲ ಸರ್!”

ಪರದೆಯ ಆಚೆ ಗೊರಕೆ ನಿಂತಿತು.

“ಕೇಳ್ಬಹುದಿತ್ತು,” ಎಂದ ಆತ. ಅವನೂ ದಣಿದಿದ್ದ. “ನಿಮ್ಮ ಬಗ್ಗೆ ರಿಪೋರ್ಟು ಬೆಳಿಗ್ಗೆನೇ ಕಳಿಸಿಬಿಟ್ಟೆ. ಏನೂ ಕೇಳಲ್ಲ, ಕೆಲಸಾನೂ ಮುಗಿಸಲ್ಲ ಅಂತ. ಇನ್ನೊಂದ್ಸಲ ಬರೀತೀನಿ. ಏನಾಗುತ್ತೋ ಹೇಳಕ್ಕಾಗಲ್ಲ.”

ತಾರೀಖಿನ ತಪ್ಪನ್ನು ಅವಳು ಸಂಜೆಯೊಳಗೆ ಸರಿಪಡಿಸಿದಳು. ಶುಕ್ರವಾರ ಉತ್ತರ ಬಂತು. ಖಾಯಂ ಇಲ್ಲ, ಇನ್ನೂ ಮೂರು ತಿಂಗಳು ನೋಡೋಣ. ಅತ್ತುಬಿಡೋಣವೆಂದರೆ ಅದಕ್ಕೂ ಸುಸ್ತು. ಸುದ್ದಿಯನ್ನು ಅಪ್ಪನಿಗೆ ಹೇಳಿ ಮೇಜಿನ ಮುಂದೆಯೇ ಕೂತಿದ್ದಳು.

ಸ್ವಲ್ಪ ಹೊತ್ತಿಗೆ ಅಪ್ಪ ಹಾಸಿಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದ. “ನಾಳೆಯಿಂದ ಡ್ಯೂಟಿ ಜಾಗದಲ್ಲೇ, ಗೇಟಿನ ಪಕ್ಕದ ಕೋಣೆಲಿ ಮಲಗ್ತೀನಮ್ಮ. ನನ್ನ ನಿದ್ದೆ ನಿನ್ನ ಅನ್ನಕ್ಕೆ ಕಲ್ಲು ಹಾಕ್ತು.”

ಹೂಂ ಅಂದಿದ್ದರೆ ಸಾಕಿತ್ತು. ಅದೇ ಕಾರಣವೆಂದು ಅವಳೂ ಇಷ್ಟು ದಿನ ನಂಬಿಕೊಂಡೇ ಬಂದಿದ್ದಳು. ಆದರೆ ಟೈಪ್ ಮಾಡಿದರೆ ಯಾರ ನಿದ್ದೆಯೂ ಕೆಡುವುದಿಲ್ಲವಲ್ಲ.

“ಹಾಸಿಗೆ ಇಳಿಸಪ್ಪ,” ಎಂದಳು. “ನಿನ್ನ ನಿದ್ದೆ ಅಲ್ಲ. ನನಗೇ ಭಯ ಇತ್ತು.”

“ಏನು ಭಯ?”

“ದಡ್ಡಿ ಅಂದ್ಕೊಂಡ್ಬಿಡ್ತಾರೇನೋ ಅಂತ.”

ಅಪ್ಪ ಸುತ್ತಿದ ಹಾಸಿಗೆಯ ಮೇಲೇ ಕೂತ. ಕಣ್ಣು ಉಜ್ಜಿಕೊಂಡ. “ಮತ್ತೆ ಈಗ? ಜಾಣೆ ಅಂದ್ಕೊಂಡ್ರಾ?”

“ಇಲ್ಲಪ್ಪ,” ಎಂದಳು. “ಅದೂ ಇಲ್ಲ.”